ಕಲಿಯುವವರ ಕಾರು: ಸುರಕ್ಷತೆ ಅಗ್ಗದ ಗಾಡಿಗೆ ಇಳಿದು ಬಂದ ಕಥೆ

ಕಾರು ಓಡಿಸಲು ಕಲಿಯುತ್ತಿರುವವರಿಗೆ ನಮ್ಮಲ್ಲಿ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ. "ಮೊದಲು ಒಂದು ಹಳೆಯ ಗಾಡಿ ತೆಗೆದುಕೊಳ್ಳಿ. ಗೀಚಿದರೂ ಗುದ್ದಿದರೂ ಚಿಂತೆಯಿಲ್ಲ. ಕೈ ಪಳಗಿದ ಮೇಲೆ ಒಳ್ಳೆಯದು ಕೊಂಡರಾಯಿತು." ಹಣದ ಲೆಕ್ಕದಲ್ಲಿ ಈ ಮಾತು ಸರಿಯೇ. ಆದರೆ ಅದರ ಇನ್ನೊಂದು ಮಗ್ಗುಲನ್ನು ನೋಡಿ. ಡಿಕ್ಕಿಯಾಗುವ ಸಂಭವ ಹೆಚ್ಚಾಗಿರುವುದು ಹೊಸ ಚಾಲಕನಿಗೆ. ಡಿಕ್ಕಿಯಾದಾಗ ಕಾಪಾಡುವ ಶಕ್ತಿ ಕಡಿಮೆ ಇರುವುದು ಹಳೆಯ ಅಗ್ಗದ ಕಾರಿಗೆ. ಇವೆರಡನ್ನೂ ನಾವು ಬೇಕೆಂದೇ ಒಂದುಗೂಡಿಸುತ್ತಿದ್ದೇವೆ. ಹಾಗಾದರೆ ಕಡಿಮೆ ಬೆಲೆಯಲ್ಲಿ ಸುರಕ್ಷಿತ ಕಾರು ಸಿಗುವುದೇ ಇಲ್ಲವೆ? ಸಿಗುತ್ತದೆ. ಆದರೆ ಅದನ್ನು ಗುರುತಿಸಲು ಕಾರಿನ ಬಣ್ಣ, ಓಡಿದ ಕಿಲೋಮೀಟರು, ಇಂಧನ ಮಿತವ್ಯಯ ನೋಡಿದರೆ ಸಾಲದು. ಅದು ತಯಾರಾದ ಇಸವಿಯನ್ನೂ ನೋಡಬೇಕು. ಯಾವ ಇಸವಿಯಲ್ಲಿ ಏನು ಬಂತು ಎಂದು ತಿಳಿಯಬೇಕಾದರೆ ಸ್ವಲ್ಪ ಚರಿತ್ರೆ ಬೇಕಾಗುತ್ತದೆ.

ಮೋಟಾರು ಬಂಡಿ ಬಲಿ ತೆಗೆದುಕೊಂಡವರಲ್ಲಿ ಮೊದಲಿಗರೆಂದು ಹೆಸರಿಸುವುದು ಒಬ್ಬ ವಿಜ್ಞಾನಿಯನ್ನು ಎಂಬುದು ನಿಮಗೆ ಗೊತ್ತೆ? ಐರ್ಲೆಂಡಿನ ಮೇರಿ ವಾರ್ಡ್ ಸೂಕ್ಷ್ಮದರ್ಶಕದ ಬಗ್ಗೆ ಜನಪ್ರಿಯ ಪುಸ್ತಕಗಳನ್ನು ಬರೆದವರು. ಅವುಗಳ ಚಿತ್ರಗಳನ್ನು ತಾವೇ ರಚಿಸಿದವರು. 1869ರ ಆಗಸ್ಟ್ 31ರಂದು ತಮ್ಮ ಬಂಧುಗಳಾದ ಪಾರ್ಸನ್ಸ್ ಮನೆಯವರು ತಯಾರಿಸಿದ್ದ ಉಗಿಬಂಡಿಯಲ್ಲಿ ಹೋಗುತ್ತಿದ್ದಾಗ ತಿರುವಿನಲ್ಲಿ ಅವರು ಹೊರಕ್ಕೆ ಎಸೆಯಲ್ಪಟ್ಟು ಚಕ್ರದಡಿ ಸಿಲುಕಿದರು. ಆಗ ಅವರಿಗೆ 42 ವರ್ಷ. ಅದೇ ಬಂಡಿಯಲ್ಲಿದ್ದ ಹುಡುಗ ಚಾರ್ಲ್ಸ್ ಪಾರ್ಸನ್ಸ್ ಮುಂದೆ ಉಗಿ ಟರ್ಬೈನನ್ನು ರೂಪಿಸಿ ಹೆಸರಾದ. ಬಂಡಿ ವೇಗವಾಗಿಯೇನೂ ಹೋಗುತ್ತಿರಲಿಲ್ಲ. ಮೇರಿಯವರನ್ನು ಆಸನದಲ್ಲಿ ಹಿಡಿದಿಡುವ ಪಟ್ಟಿಯೊಂದಿದ್ದರೆ ಸಾಕಿತ್ತು. ಅಂಥ ಪಟ್ಟಿ ಸರಿಯಾದ ರೂಪದಲ್ಲಿ ಬರಲು ಇನ್ನೂ 90 ವರ್ಷ ಕಾಯಬೇಕಾಯಿತು.

ಇಷ್ಟು ತಡ ಏಕಾಯಿತು? ಅಪಘಾತಕ್ಕೆ ಚಾಲಕನೇ ಕಾರಣ, ಆದ್ದರಿಂದ ತಿದ್ದಬೇಕಾದದ್ದು ಚಾಲಕನನ್ನು ಎಂಬ ನಂಬಿಕೆ ಬಹುಕಾಲ ಬೇರೂರಿತ್ತು. ಬ್ರಿಟನ್ನಿನಲ್ಲಿ 1935ರಲ್ಲಿ ಚಾಲನಾ ಪರೀಕ್ಷೆ ಕಡ್ಡಾಯವಾಯಿತು. ಕಲಿಯುವವರ ಗಾಡಿಗೆ ಬಿಳಿ ಹಲಗೆಯ ಮೇಲೆ ಕೆಂಪಿನ 'ಎಲ್' ಅಕ್ಷರ ಬಂದದ್ದೂ ಆಗಲೇ. ನಮ್ಮ ಕಾನೂನಿನಲ್ಲಿಯೂ ಅದೇ ಹಲಗೆ ಉಳಿದುಕೊಂಡಿದೆ. ಕಲಿಕಾ ಲೈಸೆನ್ಸ್ ಪಡೆದವರು ಪಕ್ಕದಲ್ಲಿ ಲೈಸೆನ್ಸ್ ಇರುವವರನ್ನು ಕೂರಿಸಿಕೊಂಡೇ ಓಡಿಸಬೇಕು. ಚಾಲನಾ ಶಾಲೆಯ ಕಾರಿನಲ್ಲಿ ಶಿಕ್ಷಕರ ಕಾಲಿನ ಬಳಿಯೂ ನಿಯಂತ್ರಣ ಇರಬೇಕು. ಇವೆಲ್ಲ ಒಳ್ಳೆಯ ಕ್ರಮಗಳೇ. ಆದರೆ ಎಷ್ಟೇ ಕಲಿಸಿದರೂ ಮನುಷ್ಯ ಒಮ್ಮೊಮ್ಮೆ ತಪ್ಪುತ್ತಾನೆ. ತಪ್ಪಿದ ಆ ಕ್ಷಣದಲ್ಲಿ ಕಾರಿನೊಳಗೆ ಏನು ನಡೆಯುತ್ತದೆ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದವರು 20ನೆಯ ಶತಮಾನದ ನಡುಭಾಗದವರೆಗೆ ಬಹಳ ಕಡಿಮೆ.

ಆ ಪ್ರಶ್ನೆಯ ಉತ್ತರ ಪ್ರೌಢಶಾಲೆಯ ಭೌತಶಾಸ್ತ್ರದಲ್ಲೇ ಇದೆ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 13.9 ಮೀಟರು. ಈ ವೇಗದಲ್ಲಿರುವ ವಸ್ತುವಿನ ಚಲನಶಕ್ತಿ, ಸುಮಾರು 10 ಮೀಟರು ಎತ್ತರದಿಂದ ಬಿದ್ದು ನೆಲ ಮುಟ್ಟುವ ವಸ್ತುವಿನ ಚಲನಶಕ್ತಿಗೆ ಸಮ. ಮೂರಂತಸ್ತಿನ ಮಹಡಿಯಿಂದ ಬಿದ್ದಂತೆ ಎನ್ನಿ. ಇಷ್ಟು ಶಕ್ತಿ ಎಲ್ಲಾದರೂ ವ್ಯಯವಾಗಲೇಬೇಕು. ಎಷ್ಟು ದೂರದಲ್ಲಿ ವ್ಯಯವಾಗುತ್ತದೆ ಎಂಬುದೇ ಸಾವು ಬದುಕಿನ ಪ್ರಶ್ನೆ. ಕಾರಿನ ಮೂತಿ 60 ಸೆಂಟಿಮೀಟರು ಕುಗ್ಗಿ, ಒಳಗಿರುವವರೂ ಆ ದೂರದಲ್ಲಿ ಒಂದೇ ಸಮನೆ ನಿಂತರೆ ಅವರು ಅನುಭವಿಸುವ ಋಣ ವೇಗೋತ್ಕರ್ಷ ಗುರುತ್ವದ 16 ಪಟ್ಟು. ಹಾಗಲ್ಲದೆ ದೇಹವು ಜಡತ್ವದಿಂದ ಮುಂದಕ್ಕೆ ಹಾರಿ ಡ್ಯಾಶ್‌ಬೋರ್ಡಿಗೆ ಬಡಿದು 5 ಸೆಂಟಿಮೀಟರಿನೊಳಗೆ ನಿಂತರೆ? ದೂರ 12 ಪಟ್ಟು ಕಡಿಮೆಯಾಯಿತು, ಋಣ ವೇಗೋತ್ಕರ್ಷ 12 ಪಟ್ಟು ಹೆಚ್ಚಾಯಿತು. ಗುರುತ್ವದ ಸುಮಾರು 197 ಪಟ್ಟು. (ಶಿಕ್ಷಕರಿಗೊಂದು ಸೂಚನೆ: ಇಬ್ಬರು ವಿದ್ಯಾರ್ಥಿಗಳಿಗೆ ಸಡಿಲವಾಗಿ ಇಳಿಬಿಟ್ಟ ದುಪ್ಪಟಿಯೊಂದನ್ನು ಹಿಡಿಯಲು ಹೇಳಿ. ಮೂರನೆಯವನು ಅದರತ್ತ ಕೋಳಿಮೊಟ್ಟೆಯನ್ನು ಬಲವಾಗಿ ಎಸೆಯಲಿ. ಮೊಟ್ಟೆ ಒಡೆಯುವುದಿಲ್ಲ. ಗೋಡೆಗೆ ಎಸೆಯುವ ಎರಡನೆಯ ಪ್ರಯೋಗ ನಿಮ್ಮ ಶಾಲೆಯ ಗೋಡೆಯ ಸುಣ್ಣವನ್ನು ಅವಲಂಬಿಸಿದೆ.)

ಸರಿಯಾಗಿ ಹಿಡಿದು ನಿಲ್ಲಿಸಿದರೆ ಮಾನವ ದೇಹ ಎಷ್ಟು ತಾಳಬಲ್ಲದು ಎಂದು ತೋರಿಸಿದವರು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್. 1954ರ ಡಿಸೆಂಬರ್ 10ರಂದು ಅವರು ಹಳಿಯ ಮೇಲೆ ಓಡುವ ರಾಕೆಟ್ ಜಾರುಬಂಡಿಯಲ್ಲಿ ತಮ್ಮನ್ನೇ ಪಟ್ಟಿಗಳಿಂದ ಬಿಗಿಸಿಕೊಂಡು ಗಂಟೆಗೆ 1,017 ಕಿ.ಮೀ. ವೇಗ ತಲುಪಿದರು. ಬಂಡಿ 1.4 ಸೆಕೆಂಡಿನಲ್ಲಿ ನಿಂತಿತು. ಅವರು ಅನುಭವಿಸಿದ ಗರಿಷ್ಠ ಋಣ ವೇಗೋತ್ಕರ್ಷ ಗುರುತ್ವದ 46 ಪಟ್ಟು. ಕಣ್ಣುಗಳಲ್ಲಿ ರಕ್ತ ಇಳಿಯಿತು, ಆದರೆ ಸ್ಟ್ಯಾಪ್ ಬದುಕಿದರು. ಮುಂದೆ ಕಾರುಗಳಿಗೆ ಬೆಲ್ಟ್ ಬೇಕೆಂದು ವಾದಿಸುತ್ತ ಬಹುಕಾಲ ಬಾಳಿದರು.

ಕಾರಿನ ಮೂತಿಯ ಸಂಗತಿಗೆ ಬರೋಣ. ಗಟ್ಟಿ ಕಾರೇ ಸುರಕ್ಷಿತ ಕಾರು ಎಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ ಡೈಮ್ಲರ್ ಬೆನ್ಜ್ ಕಂಪನಿಯ ಎಂಜಿನಿಯರ್ ಬೇಲಾ ಬಾರೆನ್ಯಿ ಇದಕ್ಕೆ ತದ್ವಿರುದ್ಧವಾದ ವಿಚಾರ ಮಂಡಿಸಿದರು. ಜನ ಕೂರುವ ನಡುಗೂಡು ಮಾತ್ರ ಗಟ್ಟಿಯಾಗಿರಲಿ, ಮುಂದಿನ ಹಿಂದಿನ ಭಾಗಗಳು ಡಿಕ್ಕಿಯಲ್ಲಿ ನಜ್ಜುಗುಜ್ಜಾಗಲಿ, ಆಗುತ್ತ ಶಕ್ತಿಯನ್ನು ಹೀರಿಕೊಳ್ಳಲಿ ಎಂದರು. 1951ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1959ರ ಮರ್ಸಿಡಿಸ್ ಕಾರಿನಲ್ಲಿ ಇದು ಕಾರ್ಯರೂಪಕ್ಕೆ ಬಂತು. ಅದೇ ವರ್ಷ ಸ್ವೀಡನ್ನಿನ ವೋಲ್ವೊ ಕಂಪನಿಯಲ್ಲಿ ನಿಲ್ಸ್ ಬೋಲಿನ್ ಮೂರು ಬಿಂದುಗಳ ಸೀಟ್ ಬೆಲ್ಟನ್ನು ಸಿದ್ಧಪಡಿಸಿದರು. ಅವರು ಮೊದಲು ಸಾಬ್ ಕಂಪನಿಯಲ್ಲಿ ವಿಮಾನ ಚಾಲಕರನ್ನು ಹೊರಚಿಮ್ಮಿಸುವ ಆಸನಗಳ ಮೇಲೆ ಕೆಲಸ ಮಾಡಿದವರು. ಒಂದು ಪಟ್ಟಿ ಎದೆಯ ಮೇಲೆ ಓರೆಯಾಗಿ, ಇನ್ನೊಂದು ಸೊಂಟದ ಮೂಳೆಗೆ ಅಡ್ಡವಾಗಿ. ಬಲ ಬೀಳುವುದು ದೇಹದ ಗಟ್ಟಿ ಭಾಗಗಳ ಮೇಲೆ. ಒಂದೇ ಕೈಯಲ್ಲಿ ಕ್ಷಣಾರ್ಧದಲ್ಲಿ ಹಾಕಿಕೊಳ್ಳಬಹುದು. ವೋಲ್ವೊ ಈ ಪೇಟೆಂಟನ್ನು ಎಲ್ಲ ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಕಾರಿನ ಚರಿತ್ರೆಯಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಜೀವ ಉಳಿಸಿದ ಇನ್ನೊಂದು ವಸ್ತುವನ್ನು ಹೆಸರಿಸುವುದು ಕಷ್ಟ.

ಆದರೆ ಆವಿಷ್ಕಾರವಾದ ಮಾತ್ರಕ್ಕೆ ಅದು ಎಲ್ಲರ ಕಾರಿಗೂ ಬರುವುದಿಲ್ಲ. ಅಮೆರಿಕದ ವಕೀಲ ರಾಲ್ಫ್ ನೇಡರ್ 1965ರಲ್ಲಿ, ಕಾರುಗಳ ವಿನ್ಯಾಸದಲ್ಲಿಯೇ ಅಪಾಯವಿದೆ ಎಂದು ಸಾಧಿಸುವ ಪುಸ್ತಕ ಬರೆದು ದೊಡ್ಡ ಗದ್ದಲ ಎಬ್ಬಿಸಿದರು. ಆ ದೇಶದ ರಸ್ತೆಗಳಲ್ಲಿ ಆಗ ವರ್ಷಕ್ಕೆ ಸುಮಾರು 50,000 ಜನ ಸಾಯುತ್ತಿದ್ದರು. ಪುಸ್ತಕದ ಮೊದಲ ಅಧ್ಯಾಯ ಹೆಸರಿಸಿದ ಷೆವರ್ಲೆ ಕಾರ್ವೇರ್ ಕಾರು ತನ್ನ ಸಮಕಾಲೀನ ಕಾರುಗಳಿಗಿಂತ ಕೆಟ್ಟದ್ದೇನಲ್ಲ ಎಂದು 1972ರ ಸರಕಾರಿ ವರದಿ ಹೇಳಿತೆನ್ನಿ. ಅಷ್ಟರಲ್ಲಿ, 1966ರಲ್ಲೇ, ವಾಹನ ಸುರಕ್ಷತೆಯ ಕಾನೂನು ಬಂದಾಗಿತ್ತು. ಬೆಲ್ಟ್ ಧರಿಸುವುದನ್ನು ಕಡ್ಡಾಯ ಮಾಡಿದ ಮೊದಲ ಪ್ರದೇಶ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ, 1970ರಲ್ಲಿ.

ಮುಂದಿನ ಸಾಧನಗಳೆಲ್ಲ ಸಿರಿವಂತರ ಕಾರಿನಲ್ಲೇ ಹುಟ್ಟಿದವು. ಜಾರುವ ರಸ್ತೆಯಲ್ಲಿ ಬ್ರೇಕನ್ನು ಒತ್ತಿ ಹಿಡಿದಾಗ ಚಕ್ರಗಳು ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ 1978ರಲ್ಲಿ ಮರ್ಸಿಡಿಸ್‌ನ ದೊಡ್ಡ ಕಾರಿಗೆ ಬಂತು. ಏರ್‌ಬ್ಯಾಗ್ 1981ರಲ್ಲಿ ಅದರದೇ ದೊಡ್ಡ ಕಾರಿಗೆ. (ಏರ್‌ಬ್ಯಾಗನ್ನು ಅಮೆರಿಕದಲ್ಲಿ 1970ರ ದಶಕದಲ್ಲೇ ಮಾರಿ ನೋಡಿದ್ದರು, ಕೊಳ್ಳುವವರು ಹೆಚ್ಚಿರಲಿಲ್ಲ.) ಹೊಸ ಚಾಲಕನ ದೃಷ್ಟಿಯಿಂದ ಎಬಿಎಸ್ ಅಮೂಲ್ಯ. ಗಾಬರಿಯಾದವನ ಮೊದಲ ಪ್ರತಿಕ್ರಿಯೆ ಬ್ರೇಕನ್ನು ಪೂರ್ತಿ ತುಳಿಯುವುದು. ಚಕ್ರ ಕಚ್ಚಿಕೊಂಡರೆ ಸ್ಟಿಯರಿಂಗ್ ಎತ್ತ ತಿರುಗಿಸಿದರೂ ಕಾರು ನೇರವಾಗಿ ಜಾರುತ್ತದೆ. ಹಳಬರು ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯುವ ಚಾಕಚಕ್ಯತೆ ಕಲಿತಿರುತ್ತಾರೆ. ಆ ಕೆಲಸವನ್ನು ಸೆಕೆಂಡಿಗೆ ಹಲವು ಸಲ ಮಾಡಿಕೊಡುವುದೇ ಎಬಿಎಸ್.

ಇದರ ಮುಂದಿನ ಹೆಜ್ಜೆ ಸ್ಥಿರತಾ ನಿಯಂತ್ರಣ, ಚಿಕ್ಕದಾಗಿ ಇಎಸ್‌ಸಿ. ಕಾರು ಚಾಲಕ ತಿರುಗಿಸಿದ ಕಡೆಗೆ ಹೋಗದೆ ಬೇರೆಡೆಗೆ ಜಾರುತ್ತಿದ್ದರೆ ಸಂವೇದಕಗಳು ಅದನ್ನು ಪತ್ತೆ ಹಚ್ಚಿ ಯಾವುದಾದರೊಂದು ಚಕ್ರಕ್ಕೆ ಮಾತ್ರ ಬ್ರೇಕು ಹಾಕಿ ಕಾರನ್ನು ದಾರಿಗೆ ತರುತ್ತವೆ. ಇದೂ 1995ರಲ್ಲಿ ದುಬಾರಿ ಕಾರಿನಲ್ಲೇ ಆರಂಭವಾಯಿತು. ಅದು ಚಿಕ್ಕ ಕಾರಿಗೆ ಇಳಿದು ಬಂದದ್ದು ಮಾತ್ರ ಒಂದು ಮುಖಭಂಗದಿಂದ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಮರ್ಸಿಡಿಸ್‌ನ ಹೊಸ ಪುಟ್ಟ ಕಾರು 'ಎ ಕ್ಲಾಸ್' ಅನ್ನು ಪರೀಕ್ಷಿಸಿತು. ಕಾಡಿನ ರಸ್ತೆಯಲ್ಲಿ ಫಕ್ಕನೆ ದೊಡ್ಡ ಜಿಂಕೆ ಎದುರಾದರೆ ಹೇಗೆ ತಪ್ಪಿಸಿ ಮರಳಿ ಸಾಲಿಗೆ ಬರಬೇಕೋ ಹಾಗೆ ಓಡಿಸುವ ಪರೀಕ್ಷೆ ಅದು. ಕಾರು ಮಗುಚಿಬಿತ್ತು. ಕಂಪನಿ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡು ಪ್ರತಿಯೊಂದಕ್ಕೂ ಇಎಸ್‌ಸಿ ಅಳವಡಿಸಿತು. ಚಿಕ್ಕ ಕಾರಿಗೂ ಇದು ಸಾಧ್ಯ ಎಂಬುದು ಆಗ ಜಗತ್ತಿಗೇ ತಿಳಿಯಿತು.

ಅದೇ 1997ರಲ್ಲಿ ಯೂರೋಪಿನಲ್ಲಿ ಇನ್ನೊಂದು ಬೆಳವಣಿಗೆಯಾಯಿತು. ಅಮೆರಿಕ 1979ರಿಂದಲೇ ಡಿಕ್ಕಿ ಪರೀಕ್ಷೆಯ ಫಲಿತಾಂಶಗಳನ್ನು ಗ್ರಾಹಕರಿಗಾಗಿ ಪ್ರಕಟಿಸುತ್ತಿತ್ತು. ಯೂರೋ ಎನ್‌ಕ್ಯಾಪ್ ಎಂಬ ಸಂಸ್ಥೆಯೂ ಈಗ ಕಾರುಗಳಿಗೆ ನಕ್ಷತ್ರಗಳನ್ನು ಕೊಡತೊಡಗಿತು. ಅದು ಮೊದಲು ಪರೀಕ್ಷೆಗೆ ಎತ್ತಿಕೊಂಡದ್ದು, ಗಮನಿಸಿ, ಚಿಕ್ಕ ಅಗ್ಗದ ಕಾರುಗಳನ್ನೇ. ಅಂದರೆ ಎಷ್ಟೋ ಜನರ ಮೊದಲ ಕಾರನ್ನು. ಬ್ರಿಟನ್ನಿನ ರೋವರ್ 100 ಒಂದೇ ನಕ್ಷತ್ರ ಪಡೆಯಿತು. ಅದರ ಮೂಲ ವಿನ್ಯಾಸ 1980ರದ್ದು. ಮಾರಾಟ ಕುಸಿದು ಅದೇ ವರ್ಷ ತಯಾರಿಕೆ ನಿಂತಿತು. ನಾಲ್ಕು ನಕ್ಷತ್ರ ಅಸಾಧ್ಯ ಎಂದು ತಯಾರಕರು ಗೊಣಗಿದ್ದರು. ಕೆಲವೇ ತಿಂಗಳಲ್ಲಿ ವೋಲ್ವೊ ಕಾರೊಂದು ಅದನ್ನು ಪಡೆಯಿತು, 2001ರಲ್ಲಿ ರೆನೊ ಲಗೂನ ಐದನ್ನು. ಅಂಕಪಟ್ಟಿ ಎಲ್ಲರಿಗೂ ಕಾಣುವಂತೆ ನೇತುಹಾಕಿದರೆ ತರಗತಿಯಲ್ಲಿ ಏನಾಗುತ್ತದೆಂದು ಶಿಕ್ಷಕರಿಗೆ ಹೇಳಬೇಕಾಗಿಲ್ಲ.

ನಮ್ಮ ದೇಶದ ಕಥೆ ಸ್ವಲ್ಪ ಬೇರೆ. ದಶಕಗಳ ಕಾಲ ನಮಗೆ ಕಾರೆಂದರೆ ಅಂಬಾಸಡರ್ ಅಥವಾ ಪ್ರೀಮಿಯರ್. ಬ್ರಿಟಿಷ್ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಬಂದ ಅಂಬಾಸಡರ್ 2014ರ ಮೇ ವರೆಗೆ ತಯಾರಾಯಿತು. "ಅದು ಕಬ್ಬಿಣದ ಕೋಟೆ, ಈಗಿನವು ತಗಡಿನ ಡಬ್ಬಿ" ಎಂದು ಹಿರಿಯರು ಹೇಳುವುದನ್ನು ನೀವೂ ಕೇಳಿರಬೇಕು. ಈ ನಂಬಿಕೆ ಅಮೆರಿಕದಲ್ಲೂ ಇತ್ತು. 2009ರಲ್ಲಿ ಅಲ್ಲಿನ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 1959ರ ಷೆವರ್ಲೆ ಬೆಲ್ ಏರ್ ಎಂಬ ಭಾರಿ ಕಾರನ್ನೂ 2009ರ ಷೆವರ್ಲೆ ಮ್ಯಾಲಿಬುವನ್ನೂ ಗಂಟೆಗೆ 64 ಕಿ.ಮೀ. ವೇಗದಲ್ಲಿ ಮುಖಾಮುಖಿ ಡಿಕ್ಕಿ ಹೊಡೆಸಿತು. ಹಳೆಯ ಕಾರಿನ ನಡುಗೂಡು ಕುಸಿದು, ಅದರಲ್ಲಿದ್ದ ಮಾನವ ಗೊಂಬೆಗೆ ಬದುಕುವ ಸಂಭವವೇ ಉಳಿಯಲಿಲ್ಲ. ಹೊಸ ಕಾರಿನ ಗೊಂಬೆಗೆ ಕಾಲಿಗೆ ಸಣ್ಣ ಗಾಯವಾಗುತ್ತಿತ್ತು ಅಷ್ಟೆ. ಲೋಹ ಎಷ್ಟಿದೆ ಎಂಬುದಕ್ಕಿಂತ ಅದು ಎಲ್ಲಿ ಬಾಗುತ್ತದೆ, ಎಲ್ಲಿ ಬಾಗುವುದಿಲ್ಲ ಎಂಬುದೇ ಮುಖ್ಯವಾಯಿತು.

1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಬೀಗದ ಕೈ ಹಸ್ತಾಂತರಿಸಿದರು. ಬೆಲೆ ಸುಮಾರು 47,500 ರೂಪಾಯಿ, ಎಂಜಿನ್ 796 ಘನ ಸೆಂಟಿಮೀಟರು, ತೂಕ ಸುಮಾರು 650 ಕಿ.ಗ್ರಾಂ. 2014ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 25 ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾಗಿದ್ದವು. ನಮ್ಮ ಊರುಗಳ ಎಷ್ಟೋ ಚಾಲನಾ ಶಾಲೆಗಳು ಇದೇ ಕಾರಿನಲ್ಲಿ ಕಲಿಸಿದವು. ಸ್ಟಿಯರಿಂಗ್ ಹಗುರ, ಸುತ್ತಲೂ ಚೆನ್ನಾಗಿ ಕಾಣುತ್ತದೆ, ಕೆಟ್ಟರೆ ಯಾವ ಹಳ್ಳಿಯಲ್ಲೂ ರಿಪೇರಿ. ಕಲಿಯಲು ಇದಕ್ಕಿಂತ ಒಳ್ಳೆಯ ಕಾರಿಲ್ಲ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಆದರೆ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಇದರ ಬೆನ್ನಿಗೇ 'ಒಂದು ಲಕ್ಷದ ಕಾರು' ಎಂದು 2008ರ ಜನವರಿಯಲ್ಲಿ ಪ್ರಕಟವಾದ ಟಾಟಾ ನ್ಯಾನೊ, ಸ್ಕೂಟರಿನ ಮೇಲೆ ನಾಲ್ವರು ಹೋಗುವ ಸಂಸಾರಕ್ಕೆ ಸುರಕ್ಷಿತ ಬದಲಿಯಾಗಿ ಬಂತು. ಸ್ಕೂಟರಿಗೆ ಹೋಲಿಸಿದರೆ ಅದು ನಿಜವೇ.

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿತು: ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ಐದೂ ಏರ್‌ಬ್ಯಾಗ್ ಇಲ್ಲದ ಅಗ್ಗದ ಮಾದರಿಗಳು. ವಯಸ್ಕರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ. ಆದರೆ ಸೊನ್ನೆಗಳಲ್ಲಿಯೂ ವ್ಯತ್ಯಾಸವಿತ್ತು, ಇಲ್ಲಿಯೇ ನಾವು ಕಲಿಯುವುದಿದೆ. ಆಲ್ಟೊ, ನ್ಯಾನೊ, ಐ10 ಕಾರುಗಳ ನಡುಗೂಡು ಹೆಚ್ಚು ಕಡಿಮೆ ಕುಸಿಯಿತು. ಅಂಥದಕ್ಕೆ ಏರ್‌ಬ್ಯಾಗ್ ಸೇರಿಸಿದರೂ ಹೆಚ್ಚು ಪ್ರಯೋಜನವಿಲ್ಲ. ಫಿಗೊ ಮತ್ತು ಪೋಲೊ ಕಾರುಗಳ ಗೂಡು ಗಟ್ಟಿಯಾಗಿ ನಿಂತಿತು. ಎರಡು ಏರ್‌ಬ್ಯಾಗ್ ಇರುವ ಪೋಲೊವನ್ನು ಪರೀಕ್ಷಿಸಿದಾಗ ಅದು ನಾಲ್ಕು ನಕ್ಷತ್ರ ಪಡೆಯಿತು. ಫೋಕ್ಸ್‌ವ್ಯಾಗನ್ ಕಂಪನಿ ಏರ್‌ಬ್ಯಾಗ್ ಇಲ್ಲದ ಪೋಲೊ ಮಾರುವುದನ್ನೇ ನಿಲ್ಲಿಸಿತು. ಹೊರಗಿನಿಂದ ಒಂದೇ ಥರ ಕಾಣುವ, ಒಂದೇ ಹೆಸರಿನ ಎರಡು ಕಾರುಗಳು. ಒಂದಕ್ಕೆ ಸೊನ್ನೆ, ಒಂದಕ್ಕೆ ನಾಲ್ಕು! ಹಳೆಯ ಕಾರು ಕೊಳ್ಳಲು ಹೋದವರು ಕಾರಿನ ಹೆಸರನ್ನಷ್ಟೇ ಕೇಳಿ ಬಂದರೆ ಏನು ತಪ್ಪಿಹೋಗುತ್ತದೆ ಎಂದು ಇದರಿಂದ ಊಹಿಸಬಹುದು.

ಆಮೇಲೆ ಕಾನೂನು ಚುರುಕಾಯಿತು. ಹೊಸದಾಗಿ ಬಿಡುಗಡೆಯಾಗುವ ಮಾದರಿಗಳಿಗೆ 2017ರ ಅಕ್ಟೋಬರಿನಿಂದ ಡಿಕ್ಕಿ ಪರೀಕ್ಷೆಯ ನಿಯಮ ಬಂತು. 2019ರ ಅಕ್ಟೋಬರಿನಿಂದ ಹಳೆಯ ಮಾದರಿಗಳಿಗೂ ಅನ್ವಯಿಸಿತು. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೆ ಎಬಿಎಸ್, ಜುಲೈಯಿಂದ ಚಾಲಕನಿಗೆ ಏರ್‌ಬ್ಯಾಗ್, ಬೆಲ್ಟ್ ನೆನಪಿಸುವ ಗಂಟೆ, ವೇಗದ ಎಚ್ಚರಿಕೆ, ಹಿಂದಕ್ಕೆ ಹೋಗುವಾಗಿನ ಸಂವೇದಕ ಕಡ್ಡಾಯವಾದವು. 2022ರ ಜನವರಿಯಿಂದ ಮುಂದಿನ ಎರಡೂ ಆಸನಗಳಿಗೆ ಏರ್‌ಬ್ಯಾಗ್. ಈ ನಡುವೆ 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸನ್ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರಾಯಿತು. 2023ರ ಅಕ್ಟೋಬರಿನಲ್ಲಿ ನಮ್ಮದೇ ಭಾರತ್ ಎನ್‌ಕ್ಯಾಪ್ ಆರಂಭವಾಯಿತು; ಕಾರನ್ನು ಅದಕ್ಕೆ ಒಪ್ಪಿಸುವುದು ತಯಾರಕರ ಇಚ್ಛೆಗೆ ಬಿಟ್ಟದ್ದು. 2024ರ ನವೆಂಬರಿನಲ್ಲಿ ಮಾರುತಿಯ ಡಿಜೈರ್ ಕೂಡ ಗ್ಲೋಬಲ್ ಎನ್‌ಕ್ಯಾಪ್‌ನ ಐದು ನಕ್ಷತ್ರ ಪಡೆಯಿತು. ಮಾರುತಿ 800ರ ಮನೆತನದಿಂದ ಬಂದ ಕಾರು ಎಂಬುದನ್ನು ನೆನೆದರೆ ಇದು ದೊಡ್ಡ ದಾರಿಯೇ.

ಈಗ ನಿಮ್ಮ ಕೈಯಲ್ಲಿರುವ ಹಣಕ್ಕೆ ಬರೋಣ. ಹೊಸ ಕಾರು ಕೊಳ್ಳುವ ಶಕ್ತಿಯಿಲ್ಲ, ಹಳೆಯದೇ ಬೇಕು ಎಂದಿಟ್ಟುಕೊಳ್ಳಿ. ನೋಂದಣಿ ಪತ್ರದಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಮೇಲಿನ ತಾರೀಕುಗಳೊಂದಿಗೆ ಅದನ್ನು ಹೋಲಿಸಿ ನೋಡಿ. 2019ರ ಅಕ್ಟೋಬರಿನ ನಂತರ ತಯಾರಾದ ಚಿಕ್ಕ ಕಾರು, ಅದಕ್ಕಿಂತ ನಾಲ್ಕು ವರ್ಷ ಹಿಂದಿನ ದೊಡ್ಡ, ಹೊಳೆಯುವ ಕಾರಿನ ಕೆಳದರ್ಜೆಯ ಮಾದರಿಗಿಂತ ನನ್ನ ದೃಷ್ಟಿಯಲ್ಲಿ ಕಲಿಯುವವರಿಗೆ ಮೇಲು. ಅಮೆರಿಕದ ಮೇಲೆ ಹೇಳಿದ ಸಂಸ್ಥೆ 2014ರಿಂದ ಹದಿಹರೆಯದ ಚಾಲಕರಿಗಾಗಿ ಹಳೆಯ ಕಾರುಗಳ ಪಟ್ಟಿ ಪ್ರಕಟಿಸುತ್ತ ಬಂದಿದೆ. ಅದರ ಸೂತ್ರ ಸರಳ: ಎಂಜಿನ್ ಶಕ್ತಿ ವಿಪರೀತ ಇರಬಾರದು, ಇಎಸ್‌ಸಿ ಇರಲೇಬೇಕು, ತೀರಾ ಹಗುರವಾದ ಕಾರು ಬೇಡ.

ತೂಕದ ಮಾತು ಏಕೆ ಎನ್ನುವಿರಾ? 700 ಕಿ.ಗ್ರಾಂ. ಕಾರು ಮತ್ತು 1,400 ಕಿ.ಗ್ರಾಂ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿ ಮುಖಾಮುಖಿಯಾಗಿ ಡಿಕ್ಕಿಯಾಗಿ ಅಂಟಿಕೊಂಡವು ಎನ್ನಿ. ಸಂವೇಗ ಸಂರಕ್ಷಣೆಯ ನಿಯಮದಂತೆ ಎರಡೂ ಭಾರದ ಕಾರಿನ ದಿಕ್ಕಿನಲ್ಲಿ ಸುಮಾರು 17 ಕಿ.ಮೀ. ವೇಗದಲ್ಲಿ ಸರಿಯುತ್ತವೆ. ಭಾರದ ಕಾರಿನ ವೇಗ ಬದಲಾದದ್ದು 33 ಕಿ.ಮೀ.; ಹಗುರ ಕಾರಿನದು 67. ತಡೆಗೆ ಗುದ್ದಿಸಿ ಕೊಟ್ಟ ಮುಂಭಾಗದ ನಕ್ಷತ್ರಗಳು ಈ ವ್ಯತ್ಯಾಸವನ್ನು ಹೇಳುವುದಿಲ್ಲ. ಆದ್ದರಿಂದ ಚಿಕ್ಕ ಕಾರಿನ ಐದು ನಕ್ಷತ್ರವನ್ನು ಚಿಕ್ಕ ಕಾರುಗಳೊಡನೆ ಮಾತ್ರ ಹೋಲಿಸಬೇಕು. ಹಾಗೆಂದು ಭಾರದ ಕಾರಿಗೆ ಸಾಲ ಮಾಡಬೇಕಾಗಿಲ್ಲ. ವೇಗ ತಗ್ಗಿಸುವುದು ಪುಕ್ಕಟೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ, ಎಚ್ಚೆತ್ತು ಬ್ರೇಕು ತುಳಿಯಲು ಒಂದು ಸೆಕೆಂಡು ಹಿಡಿದರೆ, ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 58 ಮೀಟರು ಬೇಕು. 50ರಲ್ಲಿ ಅದರ ಅರ್ಧದಷ್ಟು ಸಾಕು.

ಮತ್ತೆ ಬೆಲ್ಟಿನ ವಿಚಾರ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 16,715 ಮಂದಿ ಬೆಲ್ಟ್ ಹಾಕದೆ ಕಾರಿನಂಥ ವಾಹನಗಳಲ್ಲಿದ್ದವರು ಎನ್ನುತ್ತದೆ ಕೇಂದ್ರ ಸಾರಿಗೆ ಇಲಾಖೆಯ ವರದಿ. ಏರ್‌ಬ್ಯಾಗ್ ಇದೆಯಲ್ಲ ಎನ್ನಬೇಡಿ. ಬೆಲ್ಟ್ ಹಿಡಿದ ದೇಹಕ್ಕೆ ಪೂರಕವಾಗಿ ಅದನ್ನು ರೂಪಿಸಲಾಗಿದೆ. ಮಡಿಲಲ್ಲಿ ಕೂತ 10 ಕಿ.ಗ್ರಾಂ. ಮಗು, ಮೇಲೆ ಹೇಳಿದ 16 ಪಟ್ಟಿನ ಲೆಕ್ಕದಲ್ಲಿ, 160 ಕಿ.ಗ್ರಾಂ. ತೂಗಿದಂತಾಗುತ್ತದೆ. ಅದನ್ನು ಹಿಡಿದಿಡಲು ಯಾವ ತಾಯಿಯ ಕೈಗೂ ಸಾಧ್ಯವಿಲ್ಲ.

ಕಾರು ನೋಡಲು ಹೋದಾಗ ಹಣ ಖರ್ಚಿಲ್ಲದ ಕೆಲವು ಪರೀಕ್ಷೆಗಳನ್ನು ನೀವೇ ಮಾಡಬಹುದು. ಬೆಲ್ಟನ್ನು ನಿಧಾನ ಎಳೆದರೆ ಬರಬೇಕು, ಫಕ್ಕನೆ ಎಳೆದರೆ ಕಚ್ಚಿಕೊಳ್ಳಬೇಕು. ಅಂಚು ಸವೆದು ನೂಲು ಬಿಟ್ಟಿದ್ದರೆ ಬದಲಿಸಬೇಕು. ಹಿಂದಿನ ಆಸನದ ಬೆಲ್ಟುಗಳನ್ನೂ ಮರೆಯಬೇಡಿ, ಅವು ಎಷ್ಟೋ ಕಾರುಗಳಲ್ಲಿ ಸೀಟಿನಡಿ ಹೂತುಹೋಗಿರುತ್ತವೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೆಯ ವಾರ. ಬೀಗದ ಕೈ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ, ಎಬಿಎಸ್ ದೀಪ ಹೊತ್ತಿ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಲೇ ಇಲ್ಲವೆಂದರೆ ಇನ್ನೂ ಅನುಮಾನ ಪಡಬೇಕು: ಹಿಂದೊಮ್ಮೆ ಡಿಕ್ಕಿಯಲ್ಲಿ ಏರ್‌ಬ್ಯಾಗ್ ಉಬ್ಬಿ ಖಾಲಿಯಾಗಿ, ಹೊಸದನ್ನು ಹಾಕಿಸದೆ ದೀಪದ ತಂತಿ ಕತ್ತರಿಸಿರಬಹುದು. ಅಂಥ ಕಾರಿಗೆ ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡವೆನ್ನಿ. ಅದು 2022ರಲ್ಲಿ ತಯಾರಾಗಿದ್ದರೂ 1983ರ ಕಾರೇ.